ಬರಿದಾಗಿದ್ದ ಅಂಕಣ



ಹೋದ ವರ್ಷದ ಸೆಪ್ಟೆಂಬರ್ ಮತ್ತು ಅಕ್ಟೋಬರ್ ತಿಂಗಳುಗಳನ್ನು ನಾನು ಅಮೆರಿಕದ ನ್ಯೂಜೆರ್ಸಿ ರಾಜ್ಯದ ಎಡಿಸನ್ ಎಂಬ ಊರಿನಲ್ಲಿ, ನನ್ನ ತಂಗಿಯ ಮಗಳ ಮನೆಯಲ್ಲಿ ಕಳೆದೆನು. ಮರಗಳ ಎಲೆ ಹಸಿರಿನಿಂದ ಹಳದಿಗೂ ಹಳದಿಯಿಂದ ಕೆಂಪಿಗೂ ತಿರುಗುವ ಆ ಋತುವಿನ ಸೊಬಗನ್ನು ನೋಡಲೆಂದೇ ಅವಳು ನನ್ನನ್ನು ಕರೆಸಿಕೊಂಡಿದ್ದಳಾದರೂ, ಎಲೆಗಳ ಕಡೆ ಕಣ್ಣೆತ್ತುವ ವ್ಯವಧಾನ ಆ ಮನೆಯಲ್ಲಿ ಆಗ ಯಾರಿಗೂ ಇರಲಿಲ್ಲ; ಏಕೆಂದರೆ ಅವಳ ಮಗಳು ಹೈಸ್ಕೂಲಿನ ಕಡೆಯ ವರ್ಷಕ್ಕೆ, ಎಂದರೆ ನಮ್ಮ ಎರಡನೆಯ ಪಿ.ಯು.ಸಿ.ಗೆ ಸಮನಾದ ತರಗತಿಗೆ ಬಂದಿದ್ದಳು, ಮತ್ತು ಆ ದೇಶದಲ್ಲಿ ವಿಶ್ವವಿದ್ಯಾನಿಲಯಗಳಿಗೆ ಅರ್ಜಿ ಹಾಕತಕ್ಕ ಕಾಲವೂ ಅದೇ ಆಗಿತ್ತು.

ಒಂದು ಭಾನುವಾರ ಬೆಳಗ್ಗೆ, ತಾಯಿ ಅಡುಗೆಮನೆಯಲ್ಲಿ ಉಪ್ಪಿಟ್ಟಿಗೆ ರವೆ ಹುರಿಯುತ್ತಿದ್ದ ಹೊತ್ತಿನಲ್ಲಿ, ಹುಡುಗಿ ತನ್ನ ಲ್ಯಾಪ್‌ಟಾಪನ್ನು ಊಟದ ಮೇಜಿನ ಮೇಲೆ ತಂದಿಟ್ಟು ನನ್ನ ಕಡೆ ತಿರುಗಿಸಿದಳು. “ತಾತ, ನೀವು ಲೆಕ್ಕದ ಮೇಷ್ಟ್ರಲ್ವಾ? ನನಗೆ ಸಿಗತ್ತಾ ಇಲ್ವಾ, ಒಂದ್ಸಲ ನೋಡಿ ಹೇಳಿ” ಎಂದಳು. ಪರದೆಯ ಮೇಲೆ ಅವಳೇ ಶ್ರದ್ಧೆಯಿಂದ ಸಿದ್ಧಪಡಿಸಿಕೊಂಡ ಒಂದು ಪಟ್ಟಿ ಇತ್ತು. ಮಿಷಿಗನ್, ವರ್ಜೀನಿಯಾ, ಚಾಪೆಲ್ ಹಿಲ್ಲಿನಲ್ಲಿರುವ ಉತ್ತರ ಕೆರೊಲಿನಾ, ಲಾಸ್ ಏಂಜಲಿಸ್ಸಿನಲ್ಲಿರುವ ಕ್ಯಾಲಿಫೋರ್ನಿಯಾ, ಆಸ್ಟಿನ್ನಿನ ಟೆಕ್ಸಾಸ್, ಹೀಗೆ ಹತ್ತು ವಿಶ್ವವಿದ್ಯಾನಿಲಯಗಳ ಹೆಸರು. ಪ್ರತಿಯೊಂದರ ಮುಂದೆ ಕಳೆದ ವರ್ಷ ಎಷ್ಟು ಮಂದಿ ಅರ್ಜಿ ಹಾಕಿದರು, ಎಷ್ಟು ಮಂದಿಗೆ ಪ್ರವೇಶ ಸಿಕ್ಕಿತು, ಸೇರಿದವರ ಎಸ್.ಎ.ಟಿ. ಎಂಬ ಪ್ರವೇಶ ಪರೀಕ್ಷೆಯ ಅಂಕಗಳು ಯಾವುದರಿಂದ ಯಾವುದರವರೆಗೆ ಇದ್ದುವು ಎಂಬ ವಿವರ. ದುರ್ಲಭವೆಂದು ತೋರಿದುದಕ್ಕೆ ಕೆಂಪು, ಪ್ರಯತ್ನಿಸಬಹುದಾದುದಕ್ಕೆ ಹಳದಿ, ನಿಶ್ಚಿತವೆಂದು ತಿಳಿದುದಕ್ಕೆ ಹಸಿರು ಬಣ್ಣ ಬಳಿದಿದ್ದಳು. ಹಸಿರು ಬಣ್ಣ ಇದ್ದುದು ಒಂದೇ ಸಾಲಿಗೆ, ಅದೂ ಪಟ್ಟಿಯ ತೀರ ಕೆಳಗೆ: ಅವರ ಮನೆಯಿಂದ ಕೆಲವೇ ಮೈಲಿಗಳಾಚೆ, ನ್ಯೂ ಬ್ರನ್ಸ್‌ವಿಕ್ಕಿನಲ್ಲಿರುವ ಅವರದೇ ರಾಜ್ಯದ ವಿಶ್ವವಿದ್ಯಾನಿಲಯವಾದ ರಟ್ಗರ್ಸ್. ಬಲತುದಿಯ ಕೊನೆಯ ಅಂಕಣವೊಂದು ಮೇಲಿನಿಂದ ಕೆಳಗಿನವರೆಗೆ ಬರಿದಾಗಿತ್ತು. ಅದರ ತಲೆಯ ಮೇಲೆ ‘ಖರ್ಚು’ ಎಂದಷ್ಟೇ ಬರೆದಿತ್ತು.

ಮೊದಲು ಅವಳ ಪ್ರಶ್ನೆಗೆ ಉತ್ತರ ಹುಡುಕಲು ಯತ್ನಿಸಿದೆನು. ಅವಳಿಗೆ ಎಸ್.ಎ.ಟಿ. ಪರೀಕ್ಷೆಯಲ್ಲಿ 1600ಕ್ಕೆ 1490 ಬಂದಿತ್ತು. ಮಿಷಿಗನ್ ವಿಶ್ವವಿದ್ಯಾನಿಲಯ ಈಚಿನ ವರ್ಷಗಳಲ್ಲಿ ತಾನೇ ಪ್ರಕಟಿಸಿರುವ ವಿವರದಂತೆ, ಅಲ್ಲಿ ಸೇರಿದವರ ಪೈಕಿ ನಡುವಣ ಅರ್ಧದಷ್ಟು ಮಂದಿಯ ಅಂಕಗಳು 1350ರಿಂದ 1530ರವರೆಗೆ ಇವೆ. ಈ ಎರಡು ಸಂಖ್ಯೆಗಳ ನಡುವೆ ತನ್ನ ಅಂಕ ಮೇಲುಗಡೆಗೇ ಬಿದ್ದಿರುವುದನ್ನು ಕಂಡು, ಹುಡುಗಿ ತನಗೆ ಅರ್ಧಕ್ಕಿಂತ ಹೆಚ್ಚಿನ ಅವಕಾಶವಿದೆಯೆಂದು ಎಣಿಸಿದ್ದಳು. ಎಣಿಕೆಯ ತಪ್ಪು ಅಲ್ಲಿಯೇ ಇತ್ತು. ಸೇರಿದವರ ಅಂಕಗಳನ್ನು ನೋಡಿ ಸೇರಬಯಸುವವರ ಅದೃಷ್ಟವನ್ನು ಹೇಳಲಾಗದು. ಅಷ್ಟೇ ಅಂಕ ತೆಗೆದು ನಿರಾಶರಾಗಿ ಹಿಂದಿರುಗಿದ ಸಾವಿರಾರು ಮಕ್ಕಳು ಆ ಪಟ್ಟಿಯಲ್ಲಿ ಕಾಣಿಸುವುದೇ ಇಲ್ಲ. ಮೇಲಾಗಿ ಅಂಕವನ್ನು ಕಳಿಸುವುದೂ ಬಿಡುವುದೂ ವಿದ್ಯಾರ್ಥಿಯ ಇಚ್ಛೆಗೆ ಬಿಟ್ಟಿದ್ದ ವರ್ಷಗಳಲ್ಲಿ ಹೆಚ್ಚು ಅಂಕ ಬಂದವರು ಮಾತ್ರ ಕಳಿಸುತ್ತಿದ್ದುದರಿಂದ ಆ ಸಂಖ್ಯೆಗಳೂ ಇದ್ದುದಕ್ಕಿಂತ ಉಬ್ಬಿ ತೋರುತ್ತವೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯವಂತೂ ಈ ಪರೀಕ್ಷೆಯ ಅಂಕಗಳನ್ನು ಪ್ರವೇಶದ ಲೆಕ್ಕಕ್ಕೆ ತೆಗೆದುಕೊಳ್ಳುವುದೇ ಇಲ್ಲ. ಆದರೂ 2023ರಲ್ಲಿ ಅದರ ಲಾಸ್ ಏಂಜಲಿಸ್ ಶಾಖೆಯೊಂದಕ್ಕೇ ಪ್ರಥಮ ವರ್ಷಕ್ಕೆ ಸುಮಾರು 1,45,000 ಅರ್ಜಿಗಳು ಬಂದು, ನೂರಕ್ಕೆ ಒಂಬತ್ತು ಮಂದಿಗೆ ಮಾತ್ರ ಪ್ರವೇಶ ದೊರಕಿತು.

ಇದೆಲ್ಲ ಅವಳಿಗೆ ತಕ್ಕಮಟ್ಟಿಗೆ ಗೊತ್ತಿತ್ತು. ಅವಳ ಪಟ್ಟಿಯಲ್ಲಿ ಇಲ್ಲದೆ ಹೋದ ಸಂಗತಿ ಬೇರೊಂದಿತ್ತು. ಅವಳು ಅರ್ಜಿ ಹಾಕಬೇಕೆಂದಿದ್ದುದು ಹಾರ್ವರ್ಡ್, ಪ್ರಿನ್ಸ್‌ಟನ್‌ಗಳಂಥ ಖಾಸಗಿ ಸಂಸ್ಥೆಗಳಿಗಲ್ಲ, ಪರರಾಜ್ಯಗಳ ಸರ್ಕಾರಿ ವಿಶ್ವವಿದ್ಯಾನಿಲಯಗಳಿಗೆ. ಖಾಸಗಿ ಸಂಸ್ಥೆಗೆ ನ್ಯೂಜೆರ್ಸಿಯ ಹುಡುಗಿಯೂ ನೆಬ್ರಾಸ್ಕದ ಹುಡುಗಿಯೂ ಶುಲ್ಕದ ಮಟ್ಟಿಗೆ ಒಂದೇ. ಆದರೆ ರಾಜ್ಯದ ವಿಶ್ವವಿದ್ಯಾನಿಲಯಕ್ಕೆ ಹಾಗಲ್ಲ. 1862ರಲ್ಲಿ, ಅಂತರ್ಯುದ್ಧದ ನಡುವೆ, ಅಧ್ಯಕ್ಷ ಲಿಂಕನ್ ಸಹಿ ಹಾಕಿದ ಮಾರಿಲ್ ಶಾಸನದಿಂದ ಕೇಂದ್ರ ಸರ್ಕಾರದ ಭೂಮಿ ರಾಜ್ಯಗಳಿಗೆ ದತ್ತವಾಗಿ, ಆ ಭೂಮಿಯ ಉತ್ಪತ್ತಿಯಿಂದ ರೈತರ ಮತ್ತು ಕುಶಲಕರ್ಮಿಗಳ ಮಕ್ಕಳಿಗೆ ಕೃಷಿ, ಯಂತ್ರವಿದ್ಯೆ ಮೊದಲಾದುವನ್ನು ಕಲಿಸುವ ಕಾಲೇಜುಗಳು ಹುಟ್ಟಿದುವು. ಅದಕ್ಕೂ ಹಿಂದೆಯೇ ಹುಟ್ಟಿದ್ದ ಚಾಪೆಲ್ ಹಿಲ್, ಮಿಷಿಗನ್, ವರ್ಜೀನಿಯಾಗಳೂ ಕ್ರಮೇಣ ತಮ್ಮ ತಮ್ಮ ರಾಜ್ಯದ ತೆರಿಗೆಯ ಹಣದಿಂದಲೇ ಪೋಷಿತವಾದುವು. ತೆರಿಗೆ ತೆತ್ತವನ ಮಗನಿಗೆ ಮೊದಲ ಹಕ್ಕು ಎಂಬ ಭಾವನೆ ಈ ಸಂಸ್ಥೆಗಳ ಬುನಾದಿಯಲ್ಲಿಯೇ ಇದೆ. ನಾನು ಇದನ್ನು ಅನ್ಯಾಯವೆನ್ನಲಾರೆ.

ಈ ಭಾವನೆ ಕೆಲವೆಡೆ ನಿಯಮವಾಗಿಯೇ ಘನೀಭವಿಸಿದೆ. ಉತ್ತರ ಕೆರೊಲಿನಾದಲ್ಲಿ 1986ರಿಂದ, ಚಾಪೆಲ್ ಹಿಲ್ಲಿಗೆ ಹೊಸದಾಗಿ ಸೇರುವ ಮಕ್ಕಳಲ್ಲಿ ಹೊರರಾಜ್ಯದವರು ನೂರಕ್ಕೆ 18ನ್ನು ಮೀರಕೂಡದೆಂಬ ಕಟ್ಟಳೆಯಿದೆ. ಟೆಕ್ಸಾಸಿನಲ್ಲಿ 1997ರ ಶಾಸನವೊಂದು ಆ ರಾಜ್ಯದ ಹೈಸ್ಕೂಲುಗಳಲ್ಲಿ ಮೇಲಿನ ದರ್ಜೆಯಲ್ಲಿ ತೇರ್ಗಡೆಯಾದವರಿಗೆ ತಾನೇತಾನಾಗಿ ಪ್ರವೇಶ ಕೊಡುವಂತೆ ವಿಧಿಸಿತು. ಆಸ್ಟಿನ್ನಿನಲ್ಲಿ ನೂರಕ್ಕೆ 90 ಸ್ಥಾನಗಳು ಆ ರಾಜ್ಯದವರಿಗೇ ಮೀಸಲು, ಉಳಿದ ಹತ್ತರಲ್ಲಿ ಅಮೆರಿಕದ ಮಿಕ್ಕ ರಾಜ್ಯಗಳಷ್ಟೇ ಅಲ್ಲದೆ ಪ್ರಪಂಚದ ಮಿಕ್ಕ ದೇಶಗಳೂ ಪಾಲುದಾರರು. ವರ್ಜೀನಿಯಾದಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಸ್ವರಾಜ್ಯದ ಮಕ್ಕಳು. ಅಲ್ಲಿಯ ಈಚಿನ ಲೆಕ್ಕದಂತೆ ಸ್ವರಾಜ್ಯದ ಅರ್ಜಿದಾರರಲ್ಲಿ ಸುಮಾರು ನಾಲ್ವರಿಗೊಬ್ಬರಂತೆ ಪ್ರವೇಶ ಸಿಕ್ಕಿದರೆ ಹೊರಗಿನವರಲ್ಲಿ ಸುಮಾರು ಎಂಟು ಮಂದಿಗೊಬ್ಬರಂತೆ ಸಿಗುತ್ತದೆ. ಕ್ಯಾಲಿಫೋರ್ನಿಯಾದ ಆಡಳಿತ ಮಂಡಲಿಯೂ 2017ರಲ್ಲಿ ತನ್ನ ಬಹುಪಾಲು ಶಾಖೆಗಳಿಗೆ ಇಂಥದೇ ಮಿತಿಯನ್ನು ಗೊತ್ತುಮಾಡಿತು. ಹುಡುಗಿಯ ಪಟ್ಟಿಯಲ್ಲಿ ಇದ್ದುದು ಸ್ವರಾಜ್ಯದವರು, ಹೊರಗಿನವರು ಇಬ್ಬರನ್ನೂ ಕಲಸಿ ತೆಗೆದ ಸರಾಸರಿ. ಆ ಸರಾಸರಿ ವರ್ಜೀನಿಯಾದ ಹುಡುಗನಿಗೂ ಸಲ್ಲದು, ನ್ಯೂಜೆರ್ಸಿಯ ಹುಡುಗಿಗೂ ಸಲ್ಲದು. ಓದಬೇಕೆಂದಿರುವ ವಿಷಯವನ್ನೂ ಇದಕ್ಕೆ ಸೇರಿಸಿಕೊಳ್ಳಬೇಕು: ಇಲಿನಾಯ್ ವಿಶ್ವವಿದ್ಯಾನಿಲಯಕ್ಕೆ ಸೇರುವುದು ಒಂದು ಮಾತು, ಅದೇ ವಿಶ್ವವಿದ್ಯಾನಿಲಯದ ಕಂಪ್ಯೂಟರ್ ವಿಜ್ಞಾನಕ್ಕೆ ಸೇರುವುದು ಬೇರೆಯೇ ಮಾತು.

ನಮ್ಮಲ್ಲಿ ಕೆಲವರಿಗೆ ಇದು ಪರದೇಶದ ವಿಚಿತ್ರ ಪದ್ಧತಿಯೆಂದು ತೋರಬಹುದು. ತೋರಬೇಕಾಗಿಲ್ಲ. ಕರ್ನಾಟಕದ ಸಾಮಾನ್ಯ ಪ್ರವೇಶ ಪರೀಕ್ಷೆಯ ಅರ್ಹತೆಯ ನಿಯಮಗಳಲ್ಲಿ ಕನಿಷ್ಠ ಏಳು ವರ್ಷ ಈ ರಾಜ್ಯದಲ್ಲಿ ಓದಿರಬೇಕೆಂಬುದೂ ಒಂದು. 1989ರಲ್ಲಿ ನಮ್ಮ ಸರ್ಕಾರವೇ ಹೊರಡಿಸಿದ ಅಧಿಸೂಚನೆಯೊಂದು ಖಾಸಗಿ ವೈದ್ಯಕೀಯ ಕಾಲೇಜುಗಳಲ್ಲಿ ಸರ್ಕಾರಿ ಸ್ಥಾನಕ್ಕೆ ವರ್ಷಕ್ಕೆ 2,000 ರೂಪಾಯಿ, ಉಳಿದ ಸ್ಥಾನಗಳಲ್ಲಿ ಕರ್ನಾಟಕದವರಿಗೆ 25,000 ರೂಪಾಯಿ, ಹೊರರಾಜ್ಯದವರಿಗೆ 60,000 ರೂಪಾಯಿಯವರೆಗೆ ಶುಲ್ಕವೆಂದು ವಿಂಗಡಿಸಿತ್ತು. ಉತ್ತರ ಪ್ರದೇಶದ ಮೀರತ್ತಿನಿಂದ ಬಂದ ವಿದ್ಯಾರ್ಥಿನಿಯೊಬ್ಬಳು ಅದನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋಗಲಾಗಿ, 1992ರ ಮೋಹಿನಿ ಜೈನ್ ಮೊಕದ್ದಮೆಯ ಪ್ರಸಿದ್ಧ ತೀರ್ಪಿನಿಂದ ಅದು ರದ್ದಾಯಿತು. ಹೊರಗಿನಿಂದ ಬಂದ ವಿದ್ಯಾರ್ಥಿಯ ಕೈಯಲ್ಲಿ ಹೆಚ್ಚು ಕೊಡಿಸುವ ಯೋಚನೆ ನಮಗೇನೂ ಹೊಸದಲ್ಲ. ಅಮೆರಿಕದ ಸರ್ವೋಚ್ಚ ನ್ಯಾಯಾಲಯ ಮಾತ್ರ ಈ ಭೇದವನ್ನು ಒಪ್ಪಿಕೊಂಡಿದೆ: ವರ್ಷಕಾಲ ವಾಸಮಾಡಿದ ಮೇಲೆಯೇ ರಾಜ್ಯದವರ ಶುಲ್ಕವೆಂಬ ಮಿನೆಸೋಟದ ನಿಯಮವನ್ನು 1971ರಲ್ಲಿ ಎತ್ತಿಹಿಡಿಯಿತು, ಒಮ್ಮೆ ಹೊರಗಿನವನಾದವನು ಓದು ಮುಗಿಯುವವರೆಗೂ ಹೊರಗಿನವನೇ ಎಂಬ ಕನೆಕ್ಟಿಕಟ್ಟಿನ ನಿಯಮವನ್ನು 1973ರಲ್ಲಿ ತಳ್ಳಿಹಾಕಿತಾದರೂ, ನಿಜವಾದ ನಿವಾಸಿಗೆ ಕಡಿಮೆ ಶುಲ್ಕ ವಿಧಿಸುವ ರಾಜ್ಯದ ಅಧಿಕಾರವನ್ನು ಅಲ್ಲಗಳೆಯಲಿಲ್ಲ. ಓದಲೆಂದೇ ಹೋಗಿ ಹಾಸ್ಟೆಲಿನಲ್ಲಿ ಒಂದು ವರ್ಷ ಕಳೆದರೆ ಎರಡನೆಯ ವರ್ಷದಿಂದ ಆ ರಾಜ್ಯದವರಾಗಿಬಿಡಬಹುದೆಂದು ನಂಬುವ ತಂದೆತಾಯಿಗಳನ್ನು ನಾನು ಅಲ್ಲಿ ಕಂಡಿದ್ದೇನೆ. ಓದುವುದಕ್ಕಾಗಿ ಕಳೆದ ಕಾಲವನ್ನು ವಿಶ್ವವಿದ್ಯಾನಿಲಯಗಳು ಸಾಮಾನ್ಯವಾಗಿ ವಾಸವೆಂದು ಪರಿಗಣಿಸುವುದಿಲ್ಲ.

ನಾನು ಇಷ್ಟನ್ನು ವಿವರಿಸಿದಾಗ ಹುಡುಗಿ ಸ್ವಲ್ಪ ಹೊತ್ತು ಯೋಚಿಸಿ, “ಸರಿ ತಾತ, ಒಂದೊಂದ್ರಲ್ಲಿ ಹತ್ತರಲ್ಲೊಂದೇ ಚಾನ್ಸ್ ಅಂತ ಇಟ್ಕೊಳ್ಳೋಣ. ಹತ್ತು ಕಡೆ ಹಾಕಿದ್ರೆ ಒಂದು ಕಡೆ ಬರ್ಲೇಬೇಕಲ್ವಾ?” ಎಂದಳು. ಮೂವತ್ತು ವರ್ಷ ಬೋರ್ಡಿನ ಮುಂದೆ ನಿಂತವನಿಗೆ ಇದಕ್ಕಿಂತ ಪ್ರಿಯವಾದ ಪ್ರಶ್ನೆ ಉಂಟೆ! ಕಾಗದ ತೆಗೆದುಕೊಂಡು, ಒಂದು ಕಡೆ ನಿರಾಕೃತಳಾಗುವ ಸಂಭವ ಹತ್ತರಲ್ಲಿ ಒಂಬತ್ತು ಎಂದು ಬರೆದು, ಅದನ್ನು ಹತ್ತು ಸಲ ತನ್ನಿಂದ ತಾನೇ ಗುಣಿಸುವಂತೆ ಅವಳಿಗೇ ಹೇಳಿದೆನು. ಹತ್ತಕ್ಕೆ ಹತ್ತೂ ಕಡೆ ಇಲ್ಲವೆನ್ನಿಸಿಕೊಳ್ಳುವ ಸಂಭವ ನೂರಕ್ಕೆ ಸುಮಾರು 35 ಎಂದು ಬಂದಿತು. ಇದೂ ಕೂಡ ಪ್ರತಿಯೊಂದು ನಿರ್ಣಯವೂ ಮಿಕ್ಕವುಗಳ ಸಂಬಂಧವಿಲ್ಲದೆ ನಡೆಯುವುದೆಂಬ ಊಹೆಯ ಮೇಲೆ. ಆದರೆ ಹತ್ತು ಕಡೆಗೂ ಹೋಗುವುದು ಅದೇ ಅಂಕಪಟ್ಟಿ, ಅದೇ ಉಪಾಧ್ಯಾಯರ ಪತ್ರ, ಬಹುಮಟ್ಟಿಗೆ ಅದೇ ಪ್ರಬಂಧ. ಒಂದು ಕಡೆಯ ಪರೀಕ್ಷಕನಿಗೆ ಕೊರತೆಯೆಂದು ಕಂಡುದು ಇನ್ನೊಂದು ಕಡೆಯವನಿಗೂ ಕೊರತೆಯಾಗಿಯೇ ಕಾಣುವ ಸಂಭವ ಹೆಚ್ಚು. ಆದುದರಿಂದ ದುರ್ಲಭವಾದ ಹೆಸರುಗಳನ್ನು ಹತ್ತರಿಂದ ಹದಿನೈದಕ್ಕೆ ಏರಿಸುವುದರಿಂದ ನಿಶ್ಚಿಂತೆಯೇನೂ ಹುಟ್ಟುವುದಿಲ್ಲ.

ಆಮೇಲೆ ಆ ಕೊನೆಯ ಅಂಕಣದ ಮೇಲೆ ಬೆರಳಿಟ್ಟು, ಇದೇಕೆ ಬರಿದಾಗಿದೆಯೆಂದು ಕೇಳಿದೆನು.

“ಅದು ಅಪ್ಪನ ಕಾಲಮ್ಮು ತಾತ” ಎಂದಳು ಹುಡುಗಿ.

ಅಡುಗೆಮನೆಯಲ್ಲಿ ಸೌಟಿನ ಸದ್ದು ನಿಂತಿತು. ತಂದೆ ಪಕ್ಕದ ಕೋಣೆಯಲ್ಲಿದ್ದವನು ಬಾಗಿಲವರೆಗೆ ಬಂದು, ಏನೂ ಹೇಳದೆ ಮತ್ತೆ ಒಳಗೆ ಹೋದನು. ಆ ಮೌನವನ್ನು ನಾನು ಮರೆತಿಲ್ಲ. ಆತ ಜಿಪುಣನಲ್ಲ, ಮಗಳೆಂದರೆ ಪ್ರಾಣ. ಹಾಸನ ಜಿಲ್ಲೆಯ ಒಂದು ಹಳ್ಳಿಯಿಂದ ಸರ್ಕಾರಿ ಶಾಲೆಯಲ್ಲಿ ಓದಿ ಮೇಲೆ ಬಂದವನು, ತನ್ನ ಮಗಳಿಗೆ ‘ಇಷ್ಟೇ’ ಎಂಬ ಮಾತನ್ನು ಹೇಳಬಾರದೆಂದು ತನ್ನೊಳಗೆ ವ್ರತ ತೊಟ್ಟವನಂತೆ ಇದ್ದನು. ‘ನೀನು ಸೀಟು ತಗೋ, ದುಡ್ಡಿನ ಚಿಂತೆ ನನಗಿರಲಿ’ ಎಂದು ಹೇಳುವ ತಂದೆಯ ಪ್ರೀತಿ ನಮ್ಮವರಿಗೆಲ್ಲ ಪರಿಚಿತವಾದುದು, ಪೂಜ್ಯವಾದುದೂ ಹೌದು. ಆದರೆ ಆ ದಿನ ಆ ಮೇಜಿನ ಮುಂದೆ ಕುಳಿತು ನನಗೆ ಖಚಿತವಾಗಿ ಅನ್ನಿಸಿತು: ಈ ವಿಷಯದಲ್ಲಿ ಆ ಪ್ರೀತಿಯ ಮೌನವೇ ಮಗುವಿಗೆ ಮಾಡುವ ದೊಡ್ಡ ಅಪಕಾರ. ಹದಿನೇಳು ವರ್ಷದ, ಲೆಕ್ಕ ಬಲ್ಲ ಹುಡುಗಿಗೆ ತನ್ನ ಮುಂದಿನ ನಾಲ್ಕು ವರ್ಷಗಳ ಪ್ರಶ್ನೆಯಲ್ಲಿ ಅತಿ ಮುಖ್ಯವಾದ ಸಂಖ್ಯೆಯೊಂದನ್ನು ಬಚ್ಚಿಟ್ಟು ಉತ್ತರ ಕಂಡುಹಿಡಿ ಎಂದು ಹೇಳಿದಂತಾಯಿತು.

ಆ ಸಂಖ್ಯೆಯನ್ನು ನಾವು ಅಂದು ರಾತ್ರಿ ಊಟವಾದ ಮೇಲೆ ನಾಲ್ವರೂ ಕುಳಿತು ತುಂಬಿದೆವು. ಮಿಷಿಗನ್ನಿನಲ್ಲಿ ಆ ರಾಜ್ಯದ ಹೊಸ ವಿದ್ಯಾರ್ಥಿ ವರ್ಷಕ್ಕೆ ಹದಿನೆಂಟು ಸಾವಿರ ಡಾಲರಿನ ಆಸುಪಾಸು ಬೋಧನಾಶುಲ್ಕ ಕೊಟ್ಟರೆ ಹೊರಗಿನವನು ಅರವತ್ತು ಸಾವಿರದಷ್ಟು ಕೊಡಬೇಕು. ಕೋಣೆ, ಊಟ, ಪುಸ್ತಕ ಸೇರಿದರೆ ಎಂಬತ್ತು ಸಾವಿರವನ್ನು ಮೀರುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಹೊರಗಿನವರು ಸಾಮಾನ್ಯ ಶುಲ್ಕದ ಮೇಲೆ ಮೂವತ್ತನಾಲ್ಕು ಸಾವಿರಕ್ಕೂ ಮಿಕ್ಕಿ ಹೆಚ್ಚುವರಿ ಶುಲ್ಕ ತೆರಬೇಕು, ಮತ್ತು ವಿಶ್ವವಿದ್ಯಾನಿಲಯ ತನ್ನ ನಿಧಿಯಿಂದ ಕೊಡುವ ಸಹಾಯಧನದ ಆಸೆಯನ್ನೂ ಇಟ್ಟುಕೊಳ್ಳುವಂತಿಲ್ಲ. ವರ್ಜೀನಿಯಾ ಮತ್ತು ಚಾಪೆಲ್ ಹಿಲ್‌ಗಳು ಹೊರರಾಜ್ಯದವರಿಗೂ ಅವರ ಆರ್ಥಿಕ ಅಗತ್ಯವನ್ನು ಪೂರ್ತಿಯಾಗಿ ತುಂಬಿಕೊಡುವ ಸಂಕಲ್ಪವನ್ನು ಮಾಡಿವೆ, ಅದು ಆ ಸಂಸ್ಥೆಗಳಿಗೆ ಭೂಷಣವೇ; ಆದರೆ ‘ಅಗತ್ಯ’ ಎಷ್ಟೆಂಬುದನ್ನು ಗೊತ್ತುಮಾಡುವವರು ಅವರು, ನಾವಲ್ಲ. ಗಂಡಹೆಂಡಿರಿಬ್ಬರೂ ದುಡಿಯುವ, ಮನೆಯ ಸಾಲ ಕಟ್ಟುತ್ತಿರುವ, ಊರಿನಲ್ಲಿ ವೃದ್ಧ ತಂದೆತಾಯಿಯರನ್ನು ಸಾಕುತ್ತಿರುವ ಸಂಸಾರಕ್ಕೆ ಆ ಸೂತ್ರದ ಪ್ರಕಾರ ಅಗತ್ಯವೇ ಇಲ್ಲವೆಂದು ಬಂದುಬಿಡುವುದು ಹೆಚ್ಚು. 2011ರಿಂದ ಕೇಂದ್ರದ ವಿದ್ಯಾರ್ಥಿಸಹಾಯ ಪಡೆಯುವ ಪ್ರತಿಯೊಂದು ಕಾಲೇಜೂ ನಿಜವಾಗಿ ತಗಲುವ ವೆಚ್ಚವನ್ನು ಅಂದಾಜು ಮಾಡುವ ಲೆಕ್ಕಸಾಧನವೊಂದನ್ನು ತನ್ನ ಜಾಲತಾಣದಲ್ಲಿ ಇಡಬೇಕೆಂದು ಅಲ್ಲಿ ಕಾಯಿದೆಯಿದೆ. ತಂದೆ ಆದಾಯದ ಕಾಗದಗಳನ್ನು ತಂದನು; ಹುಡುಗಿ ಒಂದೊಂದನ್ನೇ ತುಂಬುತ್ತ ಹೋದಳು. ಗಂಟೆ ಹನ್ನೊಂದಾಯಿತು.

ಹತ್ತು ಸಾಲುಗಳ ಪೈಕಿ ಒಂಬತ್ತರಲ್ಲಿ ಬಂದ ಸಂಖ್ಯೆ ಅರವತ್ತರಿಂದ ತೊಂಬತ್ತು ಸಾವಿರದೊಳಗೆ ಇತ್ತು. ರಟ್ಗರ್ಸಿನಲ್ಲಿ ಮಾತ್ರ ಶುಲ್ಕ ಹದಿನೆಂಟು ಸಾವಿರದ ಹತ್ತಿರ, ಹಾಸ್ಟೆಲು ಊಟಗಳೆಲ್ಲ ಸೇರಿ ಸುಮಾರು ಅದರ ಇಮ್ಮಡಿ. ಮಿಷಿಗನ್ನಿಗೂ ರಟ್ಗರ್ಸಿಗೂ ನಾಲ್ಕು ವರ್ಷಕ್ಕೆ ಬೀಳುವ ವ್ಯತ್ಯಾಸ ಸುಮಾರು ಒಂದೂಮುಕ್ಕಾಲು ಲಕ್ಷ ಡಾಲರು, ನಮ್ಮ ಲೆಕ್ಕದಲ್ಲಿ ಒಂದೂವರೆ ಕೋಟಿ ರೂಪಾಯಿ. ಸಾಲ ಮಾಡಬಹುದಲ್ಲ ಎಂದರೆ, ಕೇಂದ್ರ ಸರ್ಕಾರ ವಿದ್ಯಾರ್ಥಿಯ ಹೆಸರಿನಲ್ಲಿ ಕೊಡುವ ಸಾಲ ಮೊದಲ ವರ್ಷಕ್ಕೆ 5,500 ಡಾಲರು, ನಾಲ್ಕು ವರ್ಷಕ್ಕೆ ಒಟ್ಟು 27,000. ಉಳಿದುದು ತಂದೆತಾಯಿಯರ ತಲೆಯ ಮೇಲೆಯೇ. ತಂದೆತಾಯಿಯರಿಗೆ ಕೇಂದ್ರ ಸರ್ಕಾರ ಕೊಡುವ ಸಾಲಕ್ಕೂ 2026ರ ಜುಲೈ 1ರಿಂದ ವರ್ಷಕ್ಕೆ 20,000, ಒಬ್ಬ ವಿದ್ಯಾರ್ಥಿಗೆ ಒಟ್ಟು 65,000 ಎಂಬ ಮಿತಿಯನ್ನು ಹೊಸ ಶಾಸನ ಹಾಕಿದೆ. ಇನ್ನು ಶಾಶ್ವತ ವಾಸದ ಹಸಿರು ಕಾರ್ಡಿಗಾಗಿ ವರ್ಷಗಟ್ಟಲೆ ಸರತಿಯಲ್ಲಿ ನಿಂತಿರುವ ನಮ್ಮ ಅನೇಕ ಸಂಸಾರಗಳ ಮಕ್ಕಳು, ಅವಲಂಬಿತರಿಗೆ ಕೊಡುವ ಎಚ್-4 ವೀಸಾದಲ್ಲಿ ಬೆಳೆದವರು, ಈ ಕೇಂದ್ರ ಸಾಲಕ್ಕೂ ಸಹಾಯಧನಕ್ಕೂ ಅರ್ಹರಲ್ಲ. ಇಪ್ಪತ್ತೊಂದು ತುಂಬಿದೊಡನೆ ಆ ವೀಸಾವೂ ಕೈಬಿಟ್ಟುಹೋಗುತ್ತದೆ. ಎರಡು ವರ್ಷದ ಕೂಸಾಗಿ ಬಂದು ಅಲ್ಲಿಯ ಶಾಲೆಯಲ್ಲಿಯೇ ಅಕ್ಷರ ಕಲಿತ ಮಗು ಕಾಲೇಜಿನ ನಡುವೆ ಪರದೇಶಿಯಾಗಿಬಿಡುವ ಈ ಸ್ಥಿತಿ ನನ್ನ ಮನಸ್ಸನ್ನು ಬಹಳ ನೋಯಿಸಿದೆ.

ಕಡೆಗೆ ತಂದೆ, ಗಂಟಲು ಸರಿಪಡಿಸಿಕೊಂಡು, ಹೇಳಬೇಕಾದ ಮಾತನ್ನು ಹೇಳಿದನು: “ವರ್ಷಕ್ಕೆ ನಲವತ್ತು ಸಾವಿರ ನಾನು ಕೊಡಬಲ್ಲೆ ಕಂದ. ಅದರ ಮೇಲೆ ಆಗಲ್ಲ. ತಮ್ಮನೂ ಇದಾನೆ.” ಹುಡುಗಿ ಅಳಲಿಲ್ಲ. “ಇದನ್ನ ಜೂನಲ್ಲೇ ಹೇಳಿದ್ರೆ ನಾನು ಬೇರೆ ಥರ ಲಿಸ್ಟ್ ಮಾಡ್ತಿದ್ನಲ್ಲಾ ಅಪ್ಪಾ” ಎಂದಳು.

ಬೇರೆ ಥರದ ಪಟ್ಟಿಯನ್ನು ಅವಳು ಮಾರನೆಯ ವಾರವೇ ಮಾಡಿದಳು. ಕ್ಯಾಲಿಫೋರ್ನಿಯಾವನ್ನೂ ಟೆಕ್ಸಾಸನ್ನೂ ಹೊಡೆದುಹಾಕಿದಳು. ಹೊರಗಿನವರನ್ನು ಕರೆಯುವುದಕ್ಕಾಗಿಯೇ ಅಂಕಗಳ ಆಧಾರದ ಮೇಲೆ ದೊಡ್ಡ ವಿದ್ಯಾರ್ಥಿವೇತನ ಕೊಡುವ ರಾಜ್ಯ ವಿಶ್ವವಿದ್ಯಾನಿಲಯಗಳೂ ಇವೆ. ಅಲಬಾಮಾ ಅವುಗಳಲ್ಲಿ ಒಂದು, ಅಲ್ಲಿಯ ವಿದ್ಯಾರ್ಥಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಹೊರರಾಜ್ಯದವರೇ. ಅದನ್ನು ಸೇರಿಸಿಕೊಂಡಳು. ರಟ್ಗರ್ಸನ್ನು ತಳದಿಂದ ಎತ್ತಿ ಮೇಲಕ್ಕೆ ತಂದು, ಅಲ್ಲಿಯ ಆನರ್ಸ್ ಕಾಲೇಜಿಗೂ ಬರೆಯುವುದೆಂದು ಗೊತ್ತುಮಾಡಿಕೊಂಡಳು. ಆ ಸಂಸ್ಥೆಯ ಬಗ್ಗೆ ಆ ಮನೆಯಲ್ಲಿ ಯಾರೂ ಆವರೆಗೆ ಒಳ್ಳೆಯ ಮಾತನಾಡಿದ್ದನ್ನು ನಾನು ಕೇಳಿರಲಿಲ್ಲ. 1766ರಲ್ಲಿ, ಎಂದರೆ ಅಮೆರಿಕ ಸ್ವತಂತ್ರವಾಗುವುದಕ್ಕೂ ಹತ್ತು ವರ್ಷ ಮೊದಲು ಸ್ಥಾಪಿತವಾದ ವಿದ್ಯಾಪೀಠವೊಂದು, ಮನೆಯ ಹತ್ತಿರವಿದೆಯೆಂಬ ಒಂದೇ ದೋಷಕ್ಕಾಗಿ, ಪಟ್ಟಿಯ ಕೊನೆಯಲ್ಲಿ ಕುಳಿತಿತ್ತು. ಮಿಷಿಗನ್ನನ್ನು ಮಾತ್ರ ಅವಳು ಬಿಡಲಿಲ್ಲ. ವಿದ್ಯಾರ್ಥಿವೇತನ ಬಾರದಿದ್ದರೆ ಹೋಗುವುದಿಲ್ಲವೆಂದು ತಂದೆಯೆದುರು ತಾನೇ ಹೇಳಿ, ನವೆಂಬರ್ 1ರ ಗಡುವಿನ ಒಳಗಾಗಿ ಅರ್ಜಿ ಕಳಿಸಿದಳು. ಆಸೆಗೆ ಅಷ್ಟು ಜಾಗ ಇರಲೆಂದು ನಾನೂ ಸುಮ್ಮನಾದೆನು.

ಮಿಷಿಗನ್ನಿನಿಂದ ಪ್ರವೇಶಪತ್ರ ಬಂದಿತು, ವಿದ್ಯಾರ್ಥಿವೇತನ ಬರಲಿಲ್ಲ. ವರ್ಜೀನಿಯಾ ಮತ್ತು ಚಾಪೆಲ್ ಹಿಲ್ಲುಗಳು ಇಲ್ಲವೆಂದುವು. ಈ ತಿಂಗಳ ಮೊದಲ ವಾರ ಅವಳು ರಟ್ಗರ್ಸಿಗೆ ಸೇರಿದ್ದಾಳೆ. ಸೇರಿದ ದಿನ ಫೋನಿನಲ್ಲಿ ಹಾಸ್ಟೆಲಿನ ಕೋಣೆಯನ್ನು ತೋರಿಸುತ್ತ, ರಾರಿಟನ್ ನದಿ ಅಲ್ಲಿಂದ ನಡೆದುಹೋಗುವಷ್ಟು ಹತ್ತಿರವಿದೆಯೆಂದು ಹೇಳಿದಳು.

ಈ ಭಾಷಣವನ್ನು ಕೇಳುತ್ತಿರುವವರಲ್ಲಿ ಅನೇಕರ ಮೊಮ್ಮಕ್ಕಳು ಅದೇ ದೇಶದಲ್ಲಿ ಈ ವರ್ಷ ಅದೇ ತರಗತಿಯಲ್ಲಿ ಇರಬಹುದು. ಅವರ ತಂದೆತಾಯಿಯರು ಬಾಯಿಬಿಟ್ಟು ಒಂದು ಸಂಖ್ಯೆಯನ್ನು ಹೇಳಲಾರದಿರುವುದಕ್ಕೆ ಇಲ್ಲಿಂದ ಪ್ರತಿ ಭಾನುವಾರ ನಾವು ಕೇಳುವ ‘ಯಾವ ಯೂನಿವರ್ಸಿಟಿ?’ ಎಂಬ ಪ್ರಶ್ನೆಯೂ ಒಂದು ಕಾರಣವೆಂದು ನಾನು ಆ ಮನೆಯಲ್ಲಿದ್ದು ಅರಿತೆನು. ಪಕ್ಕದ ಬೀದಿಯವರ ಮೊಮ್ಮಗ ಎಲ್ಲಿಗೆ ಸೇರಿದನೆಂಬುದನ್ನು ಅವರಿಗೆ ಮೊದಲು ತಿಳಿಸಿದವರೂ ನಾವೇ. ನವೆಂಬರ್ 1ಕ್ಕೆ ಇನ್ನೂ ಕೆಲವು ವಾರಗಳಿವೆ. ಮುಂದಿನ ಸಲ ಫೋನು ಮಾಡಿದಾಗ ಆ ಪ್ರಶ್ನೆಯನ್ನು ದಯವಿಟ್ಟು ಕೇಳಬೇಡಿ. ಮಗನನ್ನೋ ಮಗಳನ್ನೋ ಬೇರೆಯಾಗಿ ಕರೆದು, ವರ್ಷಕ್ಕೆ ಎಷ್ಟು ಕೊಡಬಲ್ಲಿರೆಂಬುದನ್ನು ಮಗುವಿಗೆ ಹೇಳಿದ್ದೀರಾ ಎಂದು ಕೇಳಿ. ಹೇಳಿಲ್ಲವೆಂದರೆ, ಈ ವಾರವೇ ಹೇಳುವಂತೆ ಹಿರಿಯರ ಸಲಿಗೆಯಿಂದ ಒತ್ತಾಯಮಾಡಿ.